ಬೋಲ್ಟು ಬಿಗಿಯುವಾಗ ಮಾತಾಡಬಾರದು

ಸಾಸಿವೆ ಕಾಳಿನಷ್ಟು ಕೆಂಪು ದೀಪ. ವ್ಯಾನಿನ ಸ್ಟೀರಿಂಗ್ ಹಿಂದೆ ಅದು ಹತ್ತಿಕೊಂಡದ್ದನ್ನು ಮೈಕಣ್ಣ ನೋಡಿದ, ನೋಡಿಯೂ ಬಿಟ್ಟ. ಹಿಂದೆ ಬೀರು ಇತ್ತು, ಮುಂದೆ ಏರು ಇತ್ತು, ಪಕ್ಕದಲ್ಲಿ ಹೆಂಡತಿ ಇದ್ದಳು. ಇಷ್ಟೆಲ್ಲ ಇರುವಾಗ ಸಾಸಿವೆ ಕಾಳನ್ನು ಯಾರು ಲೆಕ್ಕಕ್ಕಿಡುತ್ತಾರೆ? ಏರಿನ ತುದಿ ಮುಟ್ಟುವ ಹೊತ್ತಿಗೆ ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಎದ್ದು ಬೀದಿ ಕಾಣದಂತಾಯಿತು. ವ್ಯಾನು ಹೇಗೋ ಮನೆ ಬಾಗಿಲವರೆಗೆ ಉರುಳಿ ಬಂದು, ಒಮ್ಮೆ ಕೆಮ್ಮಿ, ಕಣ್ಣು ಮುಚ್ಚಿತು.

ಮೈಕಣ್ಣ ಎಂಬುದು ಅವನಿಗೆ ಹೆತ್ತವರಿಟ್ಟ ಹೆಸರಲ್ಲ. ಬಸ್ ನಿಲ್ದಾಣದ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ದಿನವಿಡೀ ಮೈಕಿನಲ್ಲಿ ಕೂಗುವುದು ಅವನ ಕೆಲಸ. ಮನೆಗೆ ಬಂದ ಮೇಲೂ ದನಿ ಇಳಿಯುತ್ತಿರಲಿಲ್ಲ. ಊಟಕ್ಕೆ ಕೂತು ಉಪ್ಪು ಕೇಳಿದರೆ ಮೂರನೇ ಮನೆಯವರು ತಂದುಕೊಡಬೇಕು, ಹಾಗೆ.

ವ್ಯಾನು ಅವನದಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅದು ಅಕ್ಕನದು. ಕುರ್ಚಿ, ಮೇಜು ಬಾಡಿಗೆಗೆ ಕೊಡುವ ವ್ಯವಹಾರವನ್ನು ಅಕ್ಕ ನಡೆಸುತ್ತಾಳೆ, ಭಾವ ಬರೀ ವ್ಯಾನು ನಡೆಸುತ್ತಾನೆ. ಅಮ್ಮ ತೀರಿಕೊಂಡ ಮೇಲೆ ಮೈಕಣ್ಣನನ್ನು ಸಾಕಿ ಬೆಳೆಸಿದವಳೂ ಅವಳೇ. ಅಕ್ಕ ಬೈಯುವವಳಲ್ಲ. ಬೈದು ಮರೆಯುವವರು ಎಷ್ಟೋ ವಾಸಿ, ಅವಳು ನೆನಪಿಟ್ಟುಕೊಳ್ಳುವವಳು. ಚಿಕ್ಕಂದಿನಲ್ಲಿ ಅವನು ಒಡೆದ ಗಾಜಿನ ಜಗ್ಗು, ನಾಲ್ಕು ಜನ ನೆಂಟರು ಸೇರಿದಲ್ಲೆಲ್ಲ ಇವತ್ತಿಗೂ ಹೊಸದಾಗಿ ಒಡೆಯುತ್ತದೆ. ಇನ್ನು ವ್ಯಾನು ಕೆಡಿಸಿದ ಎಂದು ಗೊತ್ತಾದರೆ ಆ ಕತೆ ಅವನು ಸಾಯುವವರೆಗೂ ನಡೆಯುತ್ತದೆ, ಸತ್ತ ಮೇಲೂ ಸ್ವಲ್ಪ ದಿನ ನಡೆದೀತು.

ಹೆದರಲು ಇನ್ನೊಂದು ಕಾರಣವಿತ್ತು. ಸೂಜಿಯನ್ನೂ ಎರವಲು ಕೊಡದ ಅಕ್ಕ ಈ ಸಲ ತಾನಾಗಿ, "ನಾವು ನೆಂಟರ ಊರಿಗೆ ಹೋಗಿ ಬರೋವರೆಗೂ ಗಾಡಿ ಇಟ್ಕೋ. ಬೀರು ತರ್ಬೇಕು ಅಂತಿದ್ಯಲ್ಲ" ಎಂದಿದ್ದಳು. ಭಾವನಂತೂ ಕೀಲಿಯನ್ನು ಇವನ ಜೇಬಿಗೇ ಹಾಕಿ, ಹೊರಗೆ ಬೀಳದಂತೆ ಮೇಲಿನಿಂದ ತಟ್ಟಿದ್ದ. ಅಷ್ಟು ನಂಬಿಕೊಟ್ಟವರ ಗಾಡಿ ಈಗ ಬಾನೆಟ್ಟು ತೆರೆದುಕೊಂಡು ಬೀದಿಯಲ್ಲಿ ನಿಂತಿದೆ. ಅವರು ಬರುವುದು ಇವತ್ತು ಸಂಜೆಯ ಬಸ್ಸಿಗೆ.

ಮೆಕ್ಯಾನಿಕ್ ಮೊದಲ ದಿನವೇ ಬಂದು, ಎಣ್ಣೆಯ ಮುಚ್ಚಳ ತೆಗೆದು, ಒಳಗಿದ್ದ ಬಿಳಿ ನೊರೆಯನ್ನು ಬೆರಳಲ್ಲಿ ಎತ್ತಿ ತೋರಿಸಿದ್ದ. "ಹೆಡ್ ಗ್ಯಾಸ್ಕೆಟ್ ಹೋಗಿದೆ. ಇಂಜಿನ್ನಿಗೂ ಅದರ ತಲೆಗೂ ಮಧ್ಯ ಒಂದು ತೆಳ್ಳನೆ ಹಾಳೆ ಇರುತ್ತೆ. ನೀರು ನಿನ್ನ ದಾರೀಲಿ ಹೋಗು, ಎಣ್ಣೆ ನಿನ್ನ ದಾರೀಲಿ ಹೋಗು ಅಂತ ಕಾಯೋದು ಅದೇ. ಅದು ಸುಟ್ಟು ಹೋಗಿ ಇಬ್ರೂ ಒಂದಾಗಿದಾರೆ."

ತಲೆಯನ್ನು ಬಿಚ್ಚಿ, ಕಾರ್ಖಾನೆಗೆ ಕಳಿಸಿ, ಸೊಟ್ಟಗಾಗಿದ್ದ ಮುಖವನ್ನು ಉಜ್ಜಿಸಿ ಮಟ್ಟಸ ಮಾಡಿಸಿ ತಂದದ್ದಾಯಿತು. ಹೊಸ ಗ್ಯಾಸ್ಕೆಟ್ಟು, ಹೊಸ ಬೋಲ್ಟು ದೂರದ ಊರಿನಿಂದ ಪಾರ್ಸಲಿನಲ್ಲಿ ಬಂದದ್ದೂ ಆಯಿತು. ಉಳಿದದ್ದು ಜೋಡಿಸುವ ಕೆಲಸ. ಬೆಳಿಗ್ಗೆ ಶುರು ಮಾಡಿದರೆ ಊಟದ ಹೊತ್ತಿಗೆ ಮುಗಿಯುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ. ಹೇಳುವಾಗ ಅವನು ಈ ಬೀದಿಯ ಜನರನ್ನು ಇನ್ನೂ ನೋಡಿರಲಿಲ್ಲ.

"ಒಂದೇ ಒಂದು ಮಾತು" ಎಂದ ಮೆಕ್ಯಾನಿಕ್, ಟರ್ಬೊದ ಬಾಯಿಗೆ ಕಸ ಬೀಳದಂತೆ ಬಟ್ಟೆ ಕಟ್ಟುತ್ತ. "ನಾನು ಬೋಲ್ಟು ಬಿಗಿಯುವಾಗ ಯಾರೂ ಮಾತಾಡಬಾರದು. ನಡುವಿಂದ ಶುರು ಮಾಡಿ ಸುತ್ತಿಕೊಂಡು ಅಂಚಿಗೆ ಬರ್ತೀನಿ. ಈ ಸ್ಪ್ಯಾನರು ಸಾಕು ಅನ್ನಿಸಿದಾಗ ಟಿಕ್ ಅನ್ನುತ್ತೆ. ಆ ಟಿಕ್ ನನಗೆ ಕೇಳ್ಬೇಕು. ಮಧ್ಯ ಯಾರಾದ್ರೂ ಬಾಯಿ ಹಾಕಿದ್ರೆ ಎಲ್ಲಾ ಬಿಚ್ಚಿ ಮೊದಲಿಂದ."

"ಒಂದು ಮಾತಿಗೆ ಎಲ್ಲಾ ಯಾಕೆ ಬಿಚ್ಚಬೇಕು?" ಎಂದು ಕೇಳಿದ ಮೈಕಣ್ಣ.

"ಹಿಂದೆ ಒಬ್ರು ಹೀಗೇ ಬಿಗಿಯೋವಾಗ ಅವರ ಮಗಳ ಪರೀಕ್ಷೆ ವಿಷಯ ಹೇಳಿದ್ರು. ಮಗಳು ಪಾಸಾದ್ಲು. ಗಾಡಿ ಪಾಸಾಗಲಿಲ್ಲ."

ಮೆಕ್ಯಾನಿಕ್ ಸ್ಪ್ಯಾನರು ಹಿಡಿದು ಕಣ್ಣು ಮುಚ್ಚಿದ. ಮೊದಲ ಟಿಕ್ ಬಂತು. ಎರಡನೆಯದೂ ಬಂತು. ಮೂರನೆಯದು ಬರುವ ಮುಂಚೆ ಮಹಡಿಯಿಂದ ಮನೆ ಒಡತಿಯ ತಲೆ ಇಣುಕಿತು.

"ಗೇಟಿಗೆ ಅಡ್ಡ ಈ ಕುರ್ಚಿಗಳನ್ನೆಲ್ಲ ಯಾರು ಇಟ್ಟಿದ್ದು?"

ವ್ಯಾನಿನ ಹೊರೆ ಇಳಿಸಿ ಅಕ್ಕನ ಮಡಚುವ ಕುರ್ಚಿಗಳನ್ನು ಗೋಡೆಗೆ ಒರಗಿಸಿದವನು ಮೈಕಣ್ಣನೇ. ಅವನು ಮೇಲೆ ನೋಡಿ ಕೈಮುಗಿದ. ಮೆಕ್ಯಾನಿಕ್ ಬಿಗಿದಿದ್ದ ಬೋಲ್ಟುಗಳನ್ನು ಬಿಚ್ಚಿದ.

ಎರಡನೆಯ ಸಲ ಬಂದವರು ಪಕ್ಕದ ಮನೆಯ ಮೇಷ್ಟ್ರು. ನಿವೃತ್ತಿಯಾದ ಮೇಲೆ ಅವರಿಗೆ ತರಗತಿ ಇಲ್ಲ, ಪಾಠ ಮಾತ್ರ ಉಳಿದುಕೊಂಡಿದೆ. ಕೈ ಹಿಂದೆ ಕಟ್ಟಿಕೊಂಡು ನಿಂತು ಸ್ವಲ್ಪ ಹೊತ್ತು ನೋಡಿ, "ಇದಕ್ಕೆಲ್ಲ ಮೂಲ ಕಾರಣ ಆ ಟರ್ಬೊ ಕಣಯ್ಯಾ" ಎಂದರು. "ಹೊಗೆ ಹೋಗೋ ರಭಸಕ್ಕೆ ಒಂದು ಚಕ್ರ ತಿರುಗುತ್ತೆ, ಅದು ಹೊರಗಿನ ಗಾಳೀನ ತಂದು ಇಂಜಿನ್ನಿನ ಬಾಯಿಗೆ ತುರುಕುತ್ತೆ. ಹೊಟ್ಟೆ ತುಂಬಿದವನಿಗೆ ಇನ್ನೂ ತುರುಕಿದ್ರೆ ತಲೆ ಮೇಲೆ ಹಾರದೆ ಇನ್ನೇನಾಗುತ್ತೆ?"

ಪಾಠ ಚೆನ್ನಾಗಿಯೇ ಇತ್ತು. ಮೆಕ್ಯಾನಿಕ್ ಪೂರ್ತಿ ಕೇಳಿಸಿಕೊಂಡು, ಹೌದೆಂದು ತಲೆಯಾಡಿಸಿ, ಎಲ್ಲ ಬೋಲ್ಟುಗಳನ್ನೂ ಬಿಚ್ಚಿದ.

ಮೂರನೆಯ ಸಲ ಅರ್ಧ ದಾರಿ ಬಂದಾಗ ಹೆಂಡತಿ ಬಾಗಿಲಿಗೆ ಬಂದು ಊಟಕ್ಕೆ ಕರೆದಳು. ನಾಲ್ಕನೆಯ ಸಲ ಮನೆ ಒಡತಿ ಕೆಳಗೆ ಬಂದು, ತಾನಿನ್ನು ಮಾತಾಡುವುದಿಲ್ಲ ಎಂದು ಹೇಳಿದಳು. ಐದನೆಯ ಸಲ ಮೇಷ್ಟ್ರಿಗೆ ಸೀನು ಬರುವ ಲಕ್ಷಣ ಕಂಡಿತು. ಮೂಗು ಅರಳಿತು, ಕಣ್ಣು ಕಿರಿದಾಯಿತು. ಎದೆ ಹಾರಿದ ಮೈಕಣ್ಣ ಬಸ್ ನಿಲ್ದಾಣದ ದನಿಯಲ್ಲಿ, "ಮೇಷ್ಟ್ರೇ, ಸದ್ದು ಮಾಡಬೇಡಿ" ಎಂದ.

ಆ ದನಿಗೆ ವಿದ್ಯುತ್ ತಂತಿಯ ಮೇಲಿದ್ದ ಪಾರಿವಾಳಗಳು ಎದ್ದವು. ಮೇಷ್ಟ್ರ ಸೀನು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಮೆಕ್ಯಾನಿಕ್ ಕಣ್ಣು ತೆರೆದು ಮೈಕಣ್ಣನನ್ನೇ ನೋಡಿದ.

"ನಾನು... ಅವರು ಸೀನಬಾರದು ಅಂತ..."

"ಸೀನಿದ್ರೆ ತಪ್ಪಿರಲಿಲ್ಲ" ಎಂದ ಮೆಕ್ಯಾನಿಕ್, ಬಿಚ್ಚುತ್ತ. "ಸೀನು ಮಾತಲ್ಲ."

ಊಟದ ಹೊತ್ತು ಎಂದೋ ಮೀರಿತ್ತು. ಬಿಸಿಲು ಗೋಡೆ ಇಳಿದು ಬೀದಿಯ ಆ ಬದಿಗೆ ಹೊರಳಿತ್ತು. ಮೈಕಣ್ಣ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತ. ಹೀಗೇ ಆದರೆ ಅಕ್ಕ ಬಂದು ಇಳಿಯುವಾಗಲೂ ಮೊದಲ ಬೋಲ್ಟೇ ತಿರುಗುತ್ತಿರುತ್ತದೆ. ಹೆಂಡತಿಗೆ ಅವನ ಮುಖ ನೋಡಿ ಕನಿಕರವಾಯಿತು.

"ಜನರನ್ನ ಓಡಿಸೋಕೆ ಆಗಲ್ಲ ರೀ" ಎಂದಳು. "ಓಡಿಸಿದ್ರೆ ಯಾಕೆ ಓಡಿಸಿದ್ರು ಅಂತ ಕೇಳೋಕೆ ವಾಪಸ್ ಬರ್ತಾರೆ. ಕೂರಿಸಿಬಿಡಿ."

ಅದು ಬುದ್ಧಿವಂತಿಕೆಯ ಮಾತಾಗಿತ್ತು. ಮೈಕಣ್ಣ ಅಕ್ಕನ ಕುರ್ಚಿಗಳನ್ನೇ ಬಿಡಿಸಿ ವ್ಯಾನಿನ ಮುಂದೆ ಸಾಲಾಗಿ ಹಾಕಿದ. ಬೀದಿಯವರು ಒಬ್ಬೊಬ್ಬರಾಗಿ ಬಂದು ಕೂತರು. ಮೌನದ ಮೇಲ್ವಿಚಾರಣೆಯನ್ನು ಮೇಷ್ಟ್ರಿಗೇ ವಹಿಸಿದ. ಕಳ್ಳನ ಕೈಗೆ ಕೀಲಿ ಕೊಟ್ಟಂತೆ ಎಂದು ಹೆಂಡತಿ ಗೊಣಗಿದಳು, ಆದರೆ ಅಧಿಕಾರ ಸಿಕ್ಕಿದ ಕೂಡಲೇ ಮೇಷ್ಟ್ರ ಬಾಯಿಗೆ ಬೀಗ ಬಿತ್ತು. ತುಟಿಯ ಮೇಲೆ ಬೆರಳಿಟ್ಟುಕೊಂಡು ಸಾಲುಗಳ ನಡುವೆ ಓಡಾಡತೊಡಗಿದರು.

"ನೀವು ಮಾತ್ರ ಇಲ್ಲಿ ಬೇಡ" ಎಂದ ಮೆಕ್ಯಾನಿಕ್ ಮೈಕಣ್ಣನಿಗೆ. "ಗಾಡಿ ಕೆಳಗೆ ಮಲಗಿ ಟರ್ಬೊದ ಎಣ್ಣೆ ಪೈಪು ಹಿಡ್ಕೊಳ್ಳಿ. ಅಲ್ಲಿ ಬಾಯಿ ತೆರೆದ್ರೆ ಗ್ರೀಸು ಬೀಳುತ್ತೆ."

ದೂಳು ಬೀಳದಿರಲೆಂದು ಬಾನೆಟ್ಟಿನಿಂದ ನೆಲದವರೆಗೆ ಒಂದು ಬಿಳಿ ಹಾಸುಬಟ್ಟೆ ಇಳಿಬಿಟ್ಟಿದ್ದರು. ಮೈಕಣ್ಣ ಅದರಡಿ ನುಸುಳಿ ಅಂಗಾತ ಮಲಗಿ ಪೈಪು ಹಿಡಿದ. ಹೊರಗೆ ಉಳಿದದ್ದು ಅವನ ಎರಡು ಪಾದಗಳು.

ಮೊದಲ ಸುತ್ತು ಮುಗಿಯಿತು. ಯಾರೂ ಉಸಿರೆತ್ತಲಿಲ್ಲ. ಎರಡನೆಯ ಸುತ್ತಿಗೆ ಎಲ್ಲರ ತಲೆಯೂ ಸ್ಪ್ಯಾನರಿನ ಕಡೆ ಬಾಗಿತ್ತು. ಹೆಂಡತಿ ಎಲ್ಲಿ ತನ್ನ ಬಾಯಿಂದಲೇ ಏನಾದರೂ ಜಾರೀತೋ ಎಂದು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅದೇ ಹೊತ್ತಿಗೆ ಭಾವ ಬೀದಿಯ ತಿರುವಿಗೆ ಬಂದ. ಬಸ್ಸು ಅಪರೂಪಕ್ಕೆ ಬೇಗ ಬಂದಿತ್ತು. ಅಕ್ಕ ಮೂಲೆಯ ಅಂಗಡಿಯವಳ ಜೊತೆ ಮಾತಿಗೆ ನಿಂತಿದ್ದರಿಂದ ಅವನೊಬ್ಬನೇ ಮುಂದೆ ನಡೆದು ಬಂದಿದ್ದ.

ಕುರ್ಚಿಯ ವ್ಯವಹಾರದಲ್ಲಿ ಇಷ್ಟು ವರ್ಷ ಕಳೆದವನಿಗೆ, ಕುರ್ಚಿ ಹಾಕಿದ ರೀತಿ ನೋಡಿದರೇ ಆ ಮನೆಯಲ್ಲಿ ಏನಾಗಿದೆ ಎಂದು ತಿಳಿಯುತ್ತದೆ. ಎದುರುಬದುರು ಹಾಕಿದ್ದರೆ ಸಂಭ್ರಮ. ಎಲ್ಲ ಒಂದೇ ಕಡೆ ತಿರುಗಿ, ಕೂತವರು ಮಾತಿಲ್ಲದೆ ತಲೆ ತಗ್ಗಿಸಿದ್ದರೆ ಅರ್ಥ ಬೇರೆ. ಭಾವ ನೋಡಿದ. ತನ್ನದೇ ಕುರ್ಚಿಗಳು. ಮೈದುನನ ಮನೆ. ಬಾಯಿ ಮುಚ್ಚಿಕೊಂಡು ನಿಂತ ಮೈದುನನ ಹೆಂಡತಿ. ಬಿಳಿ ಬಟ್ಟೆ. ಬಟ್ಟೆಯ ಕೆಳಗೆ ಅಲುಗಾಡದ ಎರಡು ಪಾದ.

ಕೈಯಲ್ಲಿದ್ದ ಚೀಲಗಳು ನೆಲಕ್ಕೆ ಬಿದ್ದವು. ಮೇಷ್ಟ್ರು ತುಟಿಗೆ ಬೆರಳಿಟ್ಟು ತಡೆದರೂ ಕೇಳದೆ ಓಡಿಬಂದು ಆ ಪಾದಗಳನ್ನು ತಬ್ಬಿಕೊಂಡ.

"ನಾನೇ ಕೊಂದುಬಿಟ್ಟೆನಲ್ಲೋ" ಎಂದು ಬಿಕ್ಕಿದ. "ಗಾಡಿ ಕೆಟ್ಟಿದೆ ಅಂತ ಗೊತ್ತಿದ್ದೂ ನಿನಗೆ ಕೊಟ್ಟೆ. ಒಂದು ದಿನ ನೀರು ನೋಡದೆ ಓಡಿಸಿ ಹೆಡ್ಡು ಸುಟ್ಟವನು ನಾನು. ನಿಮ್ಮಕ್ಕನಿಗೆ ಹೇಳೋ ಧೈರ್ಯ ಬರಲಿಲ್ಲ. ದಿನಾ ಬೆಳಿಗ್ಗೆ ಕದ್ದು ಒಂದೊಂದು ಕೊಡ ನೀರು ಹಾಕ್ತಿದ್ದೆ. ನಿನ್ನ ಕೈಲಿ ಪೂರ್ತಿ ಕೆಟ್ಟು ಹೋದ್ರೆ ನನ್ನ ತಲೆ ಉಳಿಯುತ್ತೆ ಅಂತ ಕೀ ಕೊಟ್ಟೆ. ಹಿಂಗಾಗುತ್ತೆ ಅಂತ ಗೊತ್ತಿರಲಿಲ್ಲ ಕಣೋ."

ವ್ಯಾನಿನ ಕೆಳಗೆ ಮೈಕಣ್ಣನಿಗೆ ಮೊದಲು ಅರ್ಥವಾದದ್ದು, ಯಾರೋ ತನ್ನ ಕಾಲ ಮೇಲೆ ಅಳುತ್ತಿದ್ದಾರೆ ಎಂಬುದು. ಆಮೇಲೆ ಉಳಿದದ್ದು ಒಂದೊಂದಾಗಿ ಅರ್ಥವಾಯಿತು. ಎದೆಯ ಮೇಲೆ ಕೂತಿದ್ದ ಬಂಡೆ ಎದ್ದು ನಡೆದುಹೋದಂತಾಯಿತು. ತಾನು ಕೆಡಿಸಿಲ್ಲ. ಸಾಸಿವೆ ಕಾಳು ತನಗಾಗಿ ಹತ್ತಿದ್ದಲ್ಲ, ಅದು ಭಾವನಿಗೂ ಹತ್ತುತ್ತಿತ್ತು. ಮಲಗಿದಲ್ಲೇ ಅವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಪೈಪು ಬಿಟ್ಟು, ಬಟ್ಟೆ ಸರಿಸಿ, ಮುಖಕ್ಕೆಲ್ಲ ಕಪ್ಪು ಗ್ರೀಸು ಬಳಿದುಕೊಂಡು ಎದ್ದು ಕೂತ.

"ಭಾವಾ" ಎಂದ.

ಭಾವ ಹಿಂದಕ್ಕೆ ಬಿದ್ದ. ಮೊದಲ ಸಾಲಿನ ಎರಡು ಕುರ್ಚಿಗಳೂ ಅವನ ಜೊತೆ ಬಿದ್ದವು. ಮೆಕ್ಯಾನಿಕ್ ಇದನ್ನೆಲ್ಲ ಶಾಂತವಾಗಿ ನೋಡಿ, ಎಲ್ಲ ಬೋಲ್ಟುಗಳನ್ನೂ ಬಿಚ್ಚಿದ.

ಬದುಕಿದ್ದಾನೆ ಎಂದು ಖಾತ್ರಿಯಾದ ಮೇಲೆ ಭಾವನಿಗೆ ಸಮಾಧಾನವೂ ಆಯಿತು, ತಾನು ಆಡಿದ್ದೆಲ್ಲ ನೆನಪಿಗೂ ಬಂತು. ಮೈಕಣ್ಣನ ಕೈ ಹಿಡಿದು, "ಅಕ್ಕನಿಗೆ ಮಾತ್ರ ಹೇಳಬೇಡ ಮಾರಾಯ" ಎಂದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದಳು ಹೆಂಡತಿ, ಇಷ್ಟು ಹೊತ್ತು ಮುಚ್ಚಿಕೊಂಡಿದ್ದ ಬಾಯಿಂದ ಕೈ ತೆಗೆದು. "ಈ ಮನುಷ್ಯ ಮೂರು ದಿನದಿಂದ ಅನ್ನ ಸರಿಯಾಗಿ ತಿಂದಿಲ್ಲ. ಹೇಳ್ದೆ ಬಿಡ್ತಾರಾ?"

"ಅಕ್ಕ ಬರಲಿ" ಎಂದ ಮೈಕಣ್ಣ. ಅಷ್ಟು ಗಂಭೀರವಾಗಿ ಅವನು ಯಾವ ಬಸ್ಸಿನ ವಿಷಯವನ್ನೂ ಹೇಳಿರಲಿಲ್ಲ.

ಮೆಕ್ಯಾನಿಕ್ ಕೈ ಒರೆಸಿಕೊಂಡು ಎದ್ದು ನಿಂತ. "ಈಗ ಇನ್ನೊಂದು ವಿಷಯ ಕೇಳಿ. ಟಿಕ್ ಅನ್ನೋ ಸುತ್ತುಗಳಾದ ಮೇಲೆ ಕೊನೇದಾಗಿ ಪ್ರತಿ ಬೋಲ್ಟನ್ನೂ ಕಾಲು ಸುತ್ತು ತಿರುಗಿಸ್ತೀನಿ. ಅದಕ್ಕೆ ಬೋಲ್ಟು ಹಿಗ್ಗುತ್ತೆ. ಹಿಗ್ಗಿದ ಬೋಲ್ಟು ಬಿಚ್ಚಿದ್ರೆ ಕಸದ ಬುಟ್ಟಿಗೇ. ಬೇರೆ ಬೋಲ್ಟು ಈ ಊರಲ್ಲಿ ಇಲ್ಲ. ಆಗ ಯಾರಾದ್ರೂ ಬಾಯಿ ಬಿಟ್ರೆ ಗಾಡಿ ಇಲ್ಲೇ ನಿಲ್ಲುತ್ತೆ, ನಾನು ಮನೆಗೆ ಹೋಗ್ತೀನಿ."

ಬಿದ್ದ ಕುರ್ಚಿಗಳು ಎದ್ದವು. ಭಾವನೂ ಒಂದರಲ್ಲಿ ಮುದುಡಿ ಕೂತ, ಮೈಕಣ್ಣ ಅವನ ಪಕ್ಕ ಕಾವಲು ನಿಂತ. ಟಿಕ್ಕುಗಳ ಸುತ್ತುಗಳು ಒಂದೂ ಲೋಪವಿಲ್ಲದೆ ಮುಗಿದವು. ಮೆಕ್ಯಾನಿಕ್ ಉದ್ದದ ಹಿಡಿ ಸಿಕ್ಕಿಸಿ, ನಡುವಿನ ಬೋಲ್ಟನ್ನು ಕಾಲು ಸುತ್ತು ತಿರುಗಿಸಿದ. ಅಕ್ಕ ಬಂದು ನಿಂತದ್ದು ಆಗ.

ಮೇಷ್ಟ್ರು ಬೆರಳು ತುಟಿಗಿಟ್ಟು ಓಡಿ ಎದುರಾದರು. ಅಕ್ಕ ಕೆಲಸ ಮಾಡುವವರನ್ನು ಕಂಡರೆ ಗೌರವ ಇರುವವಳು, ತುಟಿ ಬಿಚ್ಚಲಿಲ್ಲ. ತೆರೆದ ಇಂಜಿನ್ನನ್ನು ನೋಡಿದಳು, ಸಾಲಾಗಿ ಕೂತ ಬೀದಿಯನ್ನು ನೋಡಿದಳು, ಹುಬ್ಬು ಏರಿಸಿ ಅಂಗೈ ತಿರುಗಿಸಿದಳು. ಏನಿದು, ಯಾರ ಕೆಲಸ ಎಂದು ಅದರ ಅರ್ಥ. ಭಾವ ಅಭ್ಯಾಸಬಲದಿಂದ ಮೈಕಣ್ಣನ ಕಡೆ ಹೆಬ್ಬೆರಳು ತೋರಿಸಿದ.

ಮೈಕಣ್ಣನ ಬಾಯಿ ತೆರೆಯಿತು. ಇಡೀ ಬೀದಿಯ ಬೆರಳು ತುಟಿಗೆ ಹೋಯಿತು. ಬಾಯಿ ಮುಚ್ಚಿತು. ಅವನು ಕೈಸನ್ನೆಯಲ್ಲೇ ಹೇಳಲು ಹೊರಟ. ಭಾವನನ್ನು ತೋರಿಸಿದ, ಕದ್ದು ನಡೆಯುವವನಂತೆ ತುದಿಗಾಲಲ್ಲಿ ಎರಡು ಹೆಜ್ಜೆ ಇಟ್ಟ, ಕೊಡ ಎತ್ತಿ ನೀರು ಸುರಿದ. ಅಕ್ಕ ಅದನ್ನು ಗಮನವಿಟ್ಟು ನೋಡಿ, ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಅವನ ಕೈಗೆ ಕೊಟ್ಟಳು. ನ್ಯಾಯ ಕೇಳಲು ಹೋದವನು ನೀರು ಕುಡಿದು ಬಂದ. ಮೆಕ್ಯಾನಿಕ್ ಕೊನೆಯ ಬೋಲ್ಟಿಗೆ ಹಿಡಿ ಹಾಕಿ, ಕಾಲು ಸುತ್ತು ತಿರುಗಿಸಿ, ಉಸಿರು ಬಿಟ್ಟ.

"ಆಯ್ತು. ಇನ್ನು ಮಾತಾಡಬಹುದು."

ಬೆಳಗಿನಿಂದ ಕಟ್ಟಿಟ್ಟಿದ್ದ ಮಾತು ಕಟ್ಟೆ ಒಡೆದಂತೆ ಹರಿಯಿತು. ಮೈಕಣ್ಣ ಬಾಯಿ ತೆರೆಯುವಷ್ಟರಲ್ಲಿ ಬೀದಿಯೇ ಅವನ ಪರವಾಗಿ ಕೂಗುತ್ತಿತ್ತು. ಮನೆ ಒಡತಿ ನೀರಿನ ಕೊಡದ ವಿಷಯ ಹೇಳಿದಳು, ಮೇಷ್ಟ್ರು ಕಾರಣಗಳನ್ನು ವಿವರಿಸಿದರು, ಹೆಂಡತಿ ಎತ್ತು ಎಮ್ಮೆಗಳನ್ನು ಮತ್ತೊಮ್ಮೆ ಕರೆತಂದಳು. ಭಾವ ತಲೆ ಎತ್ತಲಿಲ್ಲ. ಅಕ್ಕ ಎಲ್ಲ ಕೇಳಿ, "ಹೌದಾ" ಎಂದಷ್ಟೇ ಅಂದಳು. ಮೈಕಣ್ಣನಿಗೆ ಅಷ್ಟೇ ಸಾಕಾಗಿತ್ತು. ಗೆದ್ದೆ ಎನ್ನುವುದಕ್ಕಿಂತ ಹೆಚ್ಚಾಗಿ ಬದುಕಿದೆ ಎನಿಸಿತು.

ಬೀದಿ ದೀಪ ಹತ್ತುವ ಹೊತ್ತಿಗೆ ಪೈಪುಗಳೆಲ್ಲ ಕೂತು, ಹೊಸ ಎಣ್ಣೆ, ಹೊಸ ನೀರು ತುಂಬಿತು. ಮೆಕ್ಯಾನಿಕ್ ಇಂಜಿನ್ನನ್ನು ಹೊತ್ತಿಸದೆ ಸ್ವಲ್ಪ ಹೊತ್ತು ಬರಿದೇ ತಿರುಗಿಸಿ, ಟರ್ಬೊಗೆ ಎಣ್ಣೆ ಕುಡಿಸಿದ. ಆಮೇಲೆ ಕೀಲಿ ತಿರುಗಿಸಿದ. ವ್ಯಾನು ನಿದ್ದೆ ಮುಗಿಸಿ ಎದ್ದವರ ಹಾಗೆ ಒಮ್ಮೆ ಮೈಮುರಿದು ನಡೆಯತೊಡಗಿತು. ಬಿಳಿ ಹೊಗೆ ಇಲ್ಲ, ಕೆಮ್ಮು ಇಲ್ಲ. ಜನ ಚಪ್ಪಾಳೆ ತಟ್ಟಿದರು.

"ಆ ಏರು ಹತ್ತಿಸಿ ಬನ್ನಿ" ಎಂದ ಮೆಕ್ಯಾನಿಕ್. "ಕೆಂಪು ದೀಪ ಹತ್ತಲಿಲ್ಲ ಅಂದ್ರೆ ನನ್ನ ಕೆಲಸ ಮುಗೀತು."

ಮೈಕಣ್ಣ ಸ್ಟೀರಿಂಗ್ ಹಿಡಿದ. ಅಕ್ಕ ಪಕ್ಕದಲ್ಲಿ ಬಂದು ಕೂತಳು. ಏರಿನಲ್ಲಿ ಟರ್ಬೊ ಸಣ್ಣಗೆ ಸಿಳ್ಳೆ ಹಾಕಿತು, ವ್ಯಾನು ಸಲೀಸಾಗಿ ತುದಿ ಮುಟ್ಟಿತು. ದೀಪ ಹತ್ತಲಿಲ್ಲ. ಅಲ್ಲಿ ನಿಲ್ಲಿಸಿ ಅವನು ಎದೆ ತುಂಬ ಉಸಿರು ಎಳೆದುಕೊಂಡ. ಇಷ್ಟು ಹಗುರವಾಗಿ ಉಸಿರಾಡಿ ಎಷ್ಟು ದಿನವಾಗಿತ್ತೋ.

"ಭಾವನ ಮೇಲೆ ಜಾಸ್ತಿ ಕೋಪ ಮಾಡ್ಕೋಬೇಡ ಅಕ್ಕ" ಎಂದ ಉದಾರವಾಗಿ.

"ನನಗ್ಯಾಕೆ ಕೋಪ" ಎಂದಳು ಅಕ್ಕ. "ಅವರು ದಿನಾ ಬೆಳಿಗ್ಗೆ ನೀರು ಹೊಯ್ಯೋದನ್ನ ಅಡುಗೆಮನೆ ಕಿಟಕೀಲಿ ನೋಡ್ತಾನೇ ಇದ್ನಲ್ಲ."

ಮೈಕಣ್ಣ ಅವಳ ಕಡೆ ತಿರುಗಿದ.

"ಅವರಿಗೆ ರಿಪೇರಿ ಮಾಡಿಸಿ ಅಂದ್ರೆ ನಾಳೆ ಅಂತಾರೆ, ನಾಡಿದ್ದು ಅಂತಾರೆ. ನಿನಗೆ ಹೇಳಿದ್ರೆ ನಿಲ್ದಾಣದಲ್ಲಿ ಕೆಲಸ ಇದೆ ಅಂತೀಯ. ಆದ್ರೆ ಕೆಡಿಸಿದ್ದು ನಾನೇ ಅಂತ ನಿನಗೆ ಅನ್ನಿಸಿಬಿಟ್ರೆ, ಮುಂದೆ ನಿಂತು ಹೊಸದರ ಹಾಗೆ ಮಾಡಿಸ್ತೀಯ. ಚಿಕ್ಕವನಿದ್ದಾಗಿಂದ ನೋಡಿದೀನಲ್ಲ. ಅದಕ್ಕೇ ಗಾಡಿ ನಿನಗೆ ಕೊಡಿ ಅಂತ ಅವರಿಗೆ ನಾನೇ ಹೇಳಿದ್ದು. ನಿನಗೆ ಟೈಮ್ ಸಿಗಲಿ ಅಂತ ಊರಿಗೂ ಹೋದ್ವಿ." ಅವಳು ಡ್ಯಾಶ್‌ಬೋರ್ಡನ್ನು ಪ್ರೀತಿಯಿಂದ ಸವರಿದಳು. "ಎಷ್ಟು ಚೆನ್ನಾಗಿ ಮಾಡಿಸಿದೀಯೋ."

ಆ ಹೊಗಳಿಕೆಗೆ ಖುಷಿಪಡಬೇಕೋ ಬೇಡವೋ ತಿಳಿಯದೆ ಮೈಕಣ್ಣ ಖುಷಿಪಟ್ಟ. ಅವನ ಸ್ವಭಾವವೇ ಅದು. ಗೇರು ಹಾಕಿ ಏರು ಇಳಿಯತೊಡಗಿದಾಗ ಅಕ್ಕ ಮತ್ತೆ ಮಾತು ತೆಗೆದಳು.

"ಮುಂದಿನ ವಾರ ಇನ್ನೊಂದು ಸಲ ಊರಿಗೆ ಹೋಗ್ಬೇಕು ಕಣೋ. ನಮ್ಮ ಬಟ್ಟೆ ಒಗೆಯೋ ಮೆಷಿನ್ ಸುಮ್ನೆ ಬಿದ್ದಿರುತ್ತೆ. ನಿಮ್ಮನೆಗೆ ತಗೊಂಡು ಹೋಗಿ ಉಪಯೋಗಿಸ್ಕೊಳ್ಳಿ."

ಮೈಕಣ್ಣ ಬ್ರೇಕು ಒತ್ತಿದ. "ಕೆಟ್ಟಿದ್ಯಾ?"

"ಇನ್ನೂ ಇಲ್ಲ" ಎಂದಳು ಅಕ್ಕ. "ನೀನು ತಗೊಂಡು ಹೋದ ಮೇಲೆ ಕೆಡುತ್ತೆ."